ಕೈ ಯಾಕೆ ಒಳಗೆ ಹಾಕಿದೆ?

ಲೋಹದ ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಯಂತ್ರಕ್ಕೆ ಬೆರಳು ಸಿಕ್ಕವನನ್ನು ನಮ್ಮ ಪೀಣ್ಯದ ಕಡೆ ಮೊದಲು ಕೇಳುವುದು ಇದನ್ನೇ. ಸೂಪರ್‌ವೈಸರ್ ಕೇಳುತ್ತಾನೆ, ಮಾಲೀಕ ಕೇಳುತ್ತಾನೆ, ಒಮ್ಮೊಮ್ಮೆ ಮನೆಯವರೂ ಕೇಳುತ್ತಾರೆ.

ನಾನಿರುವ ಸ್ಟುಟ್‌ಗಾರ್ಟಿನಲ್ಲಿ ಜನ ಶಿಸ್ತಿನವರು, ಅದಕ್ಕೇ ಅವರ ಬೆರಳು ಉಳಿಯುತ್ತವೆ ಎಂದು ಊರಿನ ಗೆಳೆಯರ ನಂಬಿಕೆ. ಹಾಗೇನಿಲ್ಲ. ಜರ್ಮನಿಯ ಅಪಘಾತ ವಿಮಾ ಸಂಘಗಳ ಒಕ್ಕೂಟವೇ 2006ರಲ್ಲಿ ಹೊರತಂದ ವರದಿಯ ಪ್ರಕಾರ, ಲೋಹಗೆಲಸದ ಯಂತ್ರಗಳ ರಕ್ಷಣಾ ಸಾಧನಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವನ್ನು ಯಾರೋ ಕೆಲಸ ಮಾಡದಂತೆ ಮಾಡಿಟ್ಟಿದ್ದರು. ಸೆನ್ಸರ್ ಮುಚ್ಚುವುದು, ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕಿಗೆ ಬೇರೆ ಕೀಲಿ ಸಿಕ್ಕಿಸುವುದು ಅವರಿಗೂ ಗೊತ್ತು. ಆದರೆ ವರದಿ ಕಾರ್ಮಿಕನನ್ನು ಬೈದು ಕೈತೊಳೆದುಕೊಳ್ಳಲಿಲ್ಲ. ಗಾರ್ಡ್ (ಕೈ ಒಳಗೆ ಹೋಗದಂತೆ ತಡೆಯುವ ಸಾಧನ) ಇದ್ದರೆ ಕೆಲಸವೇ ಸಾಗದಂತೆ ಯಂತ್ರ ಮಾಡಿದವರನ್ನೂ, ಕಂಡೂ ಕಾಣದಂತಿದ್ದ ಮೇಲಿನವರನ್ನೂ ಎಳೆತಂದಿತು.

ಕಾರ್ಮಿಕನನ್ನಷ್ಟೇ ದೂರದ ಈ ರೀತಿಯ ಬೇರು 1884ರ, ಚಾನ್ಸಲರ್ ಬಿಸ್ಮಾರ್ಕ್ ಕಾಲದ ಕಾಯ್ದೆಯಲ್ಲಿದೆ. ಆಯಾ ಉದ್ಯಮದ ಮಾಲೀಕರು ಸೇರಿ ಒಂದು ವಿಮಾ ಸಂಘ. ಕಂತು ಪೂರ್ತಿ ಅವರದೇ. ತಪ್ಪು ಯಾರದೆಂದು ಕೇಳದೆ ಚಿಕಿತ್ಸೆ, ಮರುತರಬೇತಿ. ದುಡಿಯುವ ಶಕ್ತಿ ಶೇ. 20ರಷ್ಟಾದರೂ ಶಾಶ್ವತವಾಗಿ ಕುಗ್ಗಿದರೆ ಪಿಂಚಣಿ. ನಿಷೇಧ ಮೀರಿ ನಡೆದುಕೊಂಡಿದ್ದರೂ ವಿಮೆ ತಪ್ಪುವುದಿಲ್ಲ ಎಂದು ಈಗಿನ ಕಾಯ್ದೆಯಲ್ಲೇ ಬರೆದಿದೆ. ಖರ್ಚು ಸಂಘದ ತಲೆಗೇ ಬರುವುದರಿಂದ ಅದರ ಇನ್‌ಸ್ಪೆಕ್ಟರುಗಳು ಬಂದು ಯಂತ್ರ ನೋಡುತ್ತಾರೆ. ಎಲ್ಲವೂ ಚೆಂದ ಎಂದಲ್ಲ. ಬೇಕೆಂದೇ ಗಾಯ ಮಾಡಿದ್ದರ ಹೊರತು ಮಾಲೀಕನ ಮೇಲೆ ಸಾಮಾನ್ಯವಾಗಿ ದಾವೆ ಹೂಡುವಂತಿಲ್ಲ, ನೋವುಂಡದ್ದಕ್ಕೆಂದು ಪ್ರತ್ಯೇಕ ಹಣವಿಲ್ಲ. ಈ ಚೌಕಾಶಿ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಫಾರಮ್ಮುಗಳ ಕಾಟ ಬೇರೆ.

ನಮ್ಮ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14 ಎಂದಿತ್ತು. ಆ ಲೆಕ್ಕ ಇರಲಿ. ಅದೇ ಕಾಯ್ದೆಯಲ್ಲಿ ಮಾಲೀಕನಿಗೊಂದು ವಿನಾಯಿತಿ ಇತ್ತು: ರಕ್ಷಣಾ ಸಾಧನವನ್ನು ಕಾರ್ಮಿಕ ಗೊತ್ತಿದ್ದೂ ಬೇಕೆಂದೇ ತೆಗೆದಿದ್ದರೆ, ಅದರಿಂದಾದ ಗಾಯಕ್ಕೆ ಪರಿಹಾರ ಕೊಡಬೇಕಿಲ್ಲ. ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಶಕ್ತನಾದರೆ ಈ ಮಾತು ನಡೆಯದು. ನಾಲ್ಕು ಬೆರಳು ಕಳೆದುಕೊಂಡವನ ಮುಂದೆ ನಡೆಯುತ್ತದೆ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬರೆಯುವಾಗಲೂ ಇದನ್ನು ಹಾಗೇ ಉಳಿಸಿಕೊಂಡರು. ‘ಬೇಕೆಂದೇ’ ಎಂಬುದನ್ನು ಮಾಲೀಕನೇ ತೋರಿಸಿಕೊಡಬೇಕು, ನಿಜ. ಆದರೆ ವಾದ ಅಲ್ಲಿಯವರೆಗೆ ಹೋಗುವುದೇ ಅಪರೂಪ. ಆಸ್ಪತ್ರೆ ಬಿಲ್ಲು ಕಟ್ಟಿ, ಒಂದಿಷ್ಟು ಕೈಗಿಟ್ಟು, ‘ತಪ್ಪು ನಿಂದೇ ಅಲ್ವಾ’ ಎಂದು ಸಹಿ ಹಾಕಿಸಿಕೊಂಡರೆ ಮುಗಿಯಿತು. ಪೀಸ್ ಲೆಕ್ಕದ ಕೂಲಿಯಲ್ಲಿ, ಇಷ್ಟು ಹೊಡೆತ ಮುಗಿಸಲೇಬೇಕೆಂಬ ಒತ್ತಡದಲ್ಲಿ ಗಾರ್ಡ್ ಬಿಚ್ಚಿದ್ದು ಯಾರ ಲಾಭಕ್ಕೆ ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ನಮ್ಮ ಕಾನೂನಿಗೆ ಬೇರೆ ದಾರಿ ಗೊತ್ತಿಲ್ಲವೆಂದಲ್ಲ. ಈಗ ಅದೇ ಸಂಹಿತೆಯೊಳಗೆ ಸೇರಿಹೋದ 1948ರ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಯ 51ಬಿ ಕಲಂ ನೋಡಿ: ನಿಯಮ ಮೀರಿದ್ದರೂ, ಮಾಡುತ್ತಿದ್ದುದು ಮಾಲೀಕನ ಕೆಲಸವೇ ಆಗಿದ್ದರೆ ಅದು ಕೆಲಸದ ಗಾಯವೇ. ತಾತ್ಕಾಲಿಕವಾಗಿ ಅಶಕ್ತನಾದರೆ ಸಂಬಳದ ಶೇ. 90 ಭತ್ಯೆ ಸಿಗುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ದಿನವೇ ಗಾಯವಾದರೂ ಹಕ್ಕಿದೆ. ಇದು ತಿಳಿದ ಕಾರ್ಮಿಕರು ಕಡಿಮೆ. ತಿಳಿದ ಗುತ್ತಿಗೆದಾರರು ಹೇಳುವುದಿಲ್ಲ.

ತೊಂದರೆ ಇರುವುದು ಹತ್ತು ಜನ ತುಂಬದ ಶೆಡ್ಡುಗಳಲ್ಲಿ. ಅಲ್ಲಿಗೆ ಇಎಸ್‌ಐ ಸಾಮಾನ್ಯವಾಗಿ ತಲುಪುವುದಿಲ್ಲ, ಹಳೆಯ ವಿನಾಯಿತಿ ಮಾತ್ರ ತಲುಪುತ್ತದೆ. ಎರಡೂ ಕೈಯಲ್ಲಿ ಬಟನ್ ಒತ್ತಿದರಷ್ಟೇ ಇಳಿಯುವ ಪ್ರೆಸ್ ಇಲ್ಲದೆ, ಕಾಲು ಪೆಡಲಿನ ಹಳೇ ಯಂತ್ರಗಳ ಮೇಲೆ ದುಡಿಯುವವರೂ ಹೆಚ್ಚಾಗಿ ಅಲ್ಲೇ ಸಿಗುತ್ತಾರೆ. ಸಂಹಿತೆಯಿಂದ ಆ ಒಂದು ವಿನಾಯಿತಿಯನ್ನು ಕಿತ್ತು, 51ಬಿಯ ತರ್ಕವನ್ನೇ ಅಲ್ಲೂ ಕೂರಿಸಬಹುದು. ಅದಕ್ಕೆ ಜರ್ಮನಿಯಷ್ಟು ದುಡ್ಡೇನೂ ಬೇಕಾಗಿಲ್ಲ.