ತೆರೆದ ಡಬ್ಬಿಯ ಜಾತಕ

ದುಬಾರಿ ಕ್ರೀಮಿಗೆ ಸಿಗುವ ಮರ್ಯಾದೆ ಒಡವೆಗೂ ಸಿಗುವುದಿಲ್ಲ. ಒಡವೆಯನ್ನಾದರೂ ವರ್ಷಕ್ಕೆರಡು ಸಲ ಹೊರತೆಗೆದು ತೊಡುತ್ತಾರೆ. ಕ್ರೀಮನ್ನು ಮಾತ್ರ ಒಂದು ಸಲ ಮುಚ್ಚಳ ತೆಗೆದು, ಮೂಸಿ, ಬೆರಳ ತುದಿಯಷ್ಟು ಹಚ್ಚಿ ನೋಡಿ, 'ಯಾವುದಾದರೂ ವಿಶೇಷಕ್ಕೆ ಇರಲಿ' ಅಂತ ಎತ್ತಿಡುತ್ತಾರೆ. ವಿಶೇಷ ಬರುವ ಹೊತ್ತಿಗೆ ಮೇಲೆ ಎಣ್ಣೆ, ಕೆಳಗೆ ನೀರು, ಜೊತೆಗೆ ಕಮಟು ವಾಸನೆ.

ಡಬ್ಬಿಯ ಆಯುಷ್ಯ ಅದರ ಮೈಮೇಲೆಯೇ ಬರೆದಿರುತ್ತದೆ. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ 6 ಎಂ ಅಥವಾ 12 ಎಂ. ಎಂ ಅಂದರೆ ಮೀಡಿಯಂ ಸೈಜು ಅಲ್ಲ, ತಿಂಗಳು. ಅದೂ ತೆರೆದ ದಿನದಿಂದ ಎಣಿಸಬೇಕಾದ ತಿಂಗಳು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ, ತೆರೆಯದೆ 30 ತಿಂಗಳಿಗಿಂತ ಹೆಚ್ಚು ಬಾಳುವ ಪದಾರ್ಥಕ್ಕೆ ಎಕ್ಸ್‌ಪೈರಿ ದಿನಾಂಕ ಕಡ್ಡಾಯವಲ್ಲ, ಈ ಚಿತ್ರ ಸಾಕು. ಎರಡೂ ಇದ್ದರೆ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ತೊಡಕಿರುವುದು ತೆರೆದ ದಿನ ಯಾವುದೆಂಬಲ್ಲಿ. ಕೇಳಿದರೆ 'ಮೊನ್ನೆ ಮೊನ್ನೆ' ಎಂಬ ಉತ್ತರ ಬರುತ್ತದೆ. ನಮ್ಮ ಮೊನ್ನೆಗೆ ಮೂರು ವರ್ಷದವರೆಗೂ ಹಿಗ್ಗುವ ಶಕ್ತಿಯಿದೆ. ಹಾಗಾಗಿ ಪರ್ಮನೆಂಟ್ ಮಾರ್ಕರ್ ಹಿಡಿದು ತೆರೆದ ದಿನವೇ ತಾರೀಖು ಬರೆಯಿರಿ. ಬರೆಯುವುದು ಡಬ್ಬಿಯ ತಳದಲ್ಲಿ. ಮುಚ್ಚಳ ಅದಲುಬದಲಾಗುತ್ತದೆ, ರಟ್ಟಿನ ಪೆಟ್ಟಿಗೆ ಅವತ್ತೇ ಕಸಕ್ಕೆ ಹೋಗುತ್ತದೆ.

ಇನ್ನು ಇಡುವ ಜಾಗ. ಬಿಸಿ, ಆವಿ, ಒದ್ದೆ ಕೈ ಮೂರೂ ಒಟ್ಟಿಗೆ ಸಿಗುವ ಜಾಗ ಮನೆಯಲ್ಲಿ ಒಂದೇ, ಬಚ್ಚಲುಮನೆ. ಕ್ರೀಮು ಇಡುವುದೂ ಅಲ್ಲೇ. ಕ್ರೀಮು ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಅಳತೆ ಮಾಡಿ ಹಾಕಿದ್ದು. ಫಿನಾಕ್ಸಿಇಥನಾಲ್ ಆದರೆ ಯುರೋಪಿನಲ್ಲಿ ಹೆಚ್ಚೆಂದರೆ 1 ಶೇಕಡಾ. ಒದ್ದೆ ಬೆರಳು ಹೋದಾಗಲೆಲ್ಲ ಆ ಕಾವಲುಗಾರ ತೆಳ್ಳಗಾಗುತ್ತಾನೆ, ಸೂಕ್ಷ್ಮಜೀವಿಗಳ ದಂಡು ದಪ್ಪಗಾಗುತ್ತದೆ. ನೀರಿಲ್ಲದ ಬಾಮಿನಲ್ಲಿ ಬಹಳ ಸಲ ಕಾವಲುಗಾರನೇ ಇರುವುದಿಲ್ಲ, ಅಲ್ಲಿ ನಾಲ್ಕು ಹನಿ ನೀರೂ ಅಪಾಯ. ಶಾಂಪೂ ಮುಗಿಯುತ್ತ ಬಂದಾಗ ನೀರು ಹಾಕಿ ಕುಲುಕುವ ವಿದ್ಯೆಯನ್ನು ಲೋಶನ್ನಿಗೂ ಹಚ್ಚುವವರಿದ್ದಾರೆ. ಅವತ್ತೇ ಮುಗಿಸಿದರೆ ಸರಿ. ಹದಿನೈದು ದಿನ ಇಟ್ಟುಕೊಂಡರೆ ಅದು ಲೋಶನ್ನಲ್ಲ, ಕೊಳ. ಬೆರಳಿನ ಬದಲು ಪುಟ್ಟ ಚಮಚ ಬಳಸಿ ಎಂದರೆ, ಆ ಚಮಚವನ್ನು ತೊಳೆಯದೆ ಕ್ರೀಮಿನೊಳಗೇ ವರ್ಷವಿಡೀ ಹೂತಿಡುತ್ತಾರೆ. ಪಂಪ್ ಬಾಟಲಿ ಕೊಳ್ಳುವುದೇ ಮೇಲು, ಅದಕ್ಕೆ ನಮ್ಮ ಸ್ವಭಾವದ ಅರಿವಿದೆ.

ಎಲ್ಲರಿಗಿಂತ ಮೊದಲು ಮುನಿಸಿಕೊಳ್ಳುವುದು ವಿಟಮಿನ್ ಸಿ ಸೀರಮ್. ನೀರಿನಲ್ಲಿ ಕರಗಿಸಿದ ಎಲ್-ಆಸ್ಕಾರ್ಬಿಕ್ ಆಮ್ಲ, ಅಂದರೆ ಅಪ್ಪಟ ವಿಟಮಿನ್ ಸಿ, ಚರ್ಮಕ್ಕಿಳಿಯಲು ಹುಳಿಯ ಅಳತೆಯಾದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಗಾಳಿ, ಬೆಳಕು, ಬಿಸಿ ಯಾವುದನ್ನೂ ಅದು ಸಹಿಸದು. ತಿಳಿನೀರಿನಂತಿದ್ದದ್ದು ಒಣಹುಲ್ಲಿನ ಹಳದಿಗೆ, ಆಮೇಲೆ ಕಿತ್ತಳೆಗೆ, ಕೊನೆಗೆ ಕಂದಿಗೆ ತಿರುಗುತ್ತದೆ. ಕೆಲವು ಸೀರಮ್‌ಗಳು ಹುಟ್ಟಿನಿಂದಲೇ ತಿಳಿಹಳದಿ. ನೋಡಬೇಕಾದದ್ದು ಬಣ್ಣವನ್ನಲ್ಲ, ಬಣ್ಣದ ಬದಲಾವಣೆಯನ್ನು. ಈಗ ಜಿಪುಣತನದ ಗಣಿತ. 1 ಮಿಲಿಗೆ ಸುಮಾರು 20 ಹನಿ ಅಂದರೆ 30 ಮಿಲಿಗೆ 600. ದಿನಕ್ಕೆ 5 ಹನಿ ಹಚ್ಚಿದರೆ 120 ದಿನಕ್ಕೆ ಖಾಲಿ. 'ಅಯ್ಯೋ, ಎರಡೇ ಸಾಕು' ಎಂದರೆ 300 ದಿನ. ಸೀರಮ್ ಅಷ್ಟು ದಿನ ಕಾಯುವ ಪೈಕಿ ಅಲ್ಲ. ಅರ್ಧ ಬಾಟಲಿ ಹಚ್ಚಿಕೊಂಡು, ಇನ್ನರ್ಧವನ್ನು ಭಕ್ತಿಯಿಂದ ಕೆಡಿಸಿದಂತಾಯಿತು. ಕಂದು ಸೀರಮ್ ದಿಂಬಿನ ಚೀಲಕ್ಕೆ ಕಲೆ ಮಾಡುತ್ತದೆ, ಬೈಗುಳ ತಿನ್ನುವುದು ಬಟ್ಟೆ ಸೋಪು.

ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಇದರ ತದ್ವಿರುದ್ಧ, ಬಣ್ಣದ ಟವೆಲನ್ನೇ ಬಿಳಿ ಮಾಡುತ್ತದೆ. ಅದನ್ನೂ ಬಿಸಿಲಿನಿಂದ ದೂರವಿಡಿ. ವಿಟಮಿನ್ ಎ ಬಳಗದ ರೆಟಿನಾಲ್ ಅಲ್ಯೂಮಿನಿಯಂ ಟ್ಯೂಬಿನಲ್ಲಿ ಬರುವುದು ಬೆಳಕು, ಗಾಳಿಗೆ ಹೆದರಿ. ಚೆಂದಕ್ಕೆಂದು ಗಾಜಿನ ಡಬ್ಬಿಗೆ ಸುರಿದಿಟ್ಟರೆ ಚೆಂದ ಉಳಿಯುತ್ತದೆ, ರೆಟಿನಾಲ್ ಉಳಿಯುವುದಿಲ್ಲ.

ಹಾಗಾದರೆ ಎಲ್ಲವನ್ನೂ ಫ್ರಿಜ್ಜಿಗೆ ತುರುಕೋಣವೇ? ವಿಟಮಿನ್ ಸಿಗೆ ತಂಪು ಹಿತ. ಬಾಮು, ಎಣ್ಣೆಗಳು ಗಟ್ಟಿಯಾಗಿ ಚಮಚ ಮುರಿಸುತ್ತವೆ. ಫ್ರೀಜರ್ ಮಾತ್ರ ಬೇಡವೇ ಬೇಡ: ನೀರು ಹರಳುಗಟ್ಟಿ, ಎಣ್ಣೆ-ನೀರಿನ ಬೆಸುಗೆ ಒಡೆದರೆ ಕರಗಿದ ಮೇಲೆ ಮತ್ತೆ ಕೂಡದು. ಫ್ರಿಜ್ಜಿನಲ್ಲಿಡುವುದಕ್ಕೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ. ಹೆಸರಿಲ್ಲದ ಬಿಳಿ ಡಬ್ಬಿಗೆ ಮಧ್ಯರಾತ್ರಿ ಹಸಿದವರ ಚಮಚ ಇಳಿಯುತ್ತದೆ.

ಸನ್‌ಸ್ಕ್ರೀನಿನ ಕಥೆ ಬೇರೆ. ಬಿಸಿಲಿಗೆಂದೇ ಕೊಂಡದ್ದಲ್ಲವೇ ಅಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗಿಡುತ್ತಾರೆ. ಬಿಸಿಗೆ ಅದು ಒಡೆದರೆ ಒಳಗಿನ, ಬಿಸಿಲು ತಡೆಯುವ ಫಿಲ್ಟರುಗಳು ಒಂದೇ ಸಮನೆ ಹರಡುವುದಿಲ್ಲ. ಮೂಗು ಬಚಾವಾಗಿ ಕೆನ್ನೆ ಸುಟ್ಟೀತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಂತೆ, ಕನಿಷ್ಠ 3 ವರ್ಷ ಕೆಡುವುದಿಲ್ಲವೆಂದು ಪರೀಕ್ಷೆಯಲ್ಲಿ ತೋರಿಸಿದ ಸನ್‌ಸ್ಕ್ರೀನಿಗೆ ಎಕ್ಸ್‌ಪೈರಿ ದಿನಾಂಕ ಬೇಕಿಲ್ಲ. ಆದರೆ ಮೂರು ವರ್ಷ ಬಾಳಿದ ಟ್ಯೂಬನ್ನು ಕಂಡರೆ ಅನುಮಾನ ಪಡಬೇಕಾದದ್ದು ಟ್ಯೂಬಿನ ಮೇಲಲ್ಲ. ಮುಖಕ್ಕೆ ಬೇಕಾದದ್ದು ಕಾಲು ಟೀಚಮಚ, ಅಂದಾಜು 1.25 ಮಿಲಿ. ದಿನಕ್ಕೊಂದೇ ಸಲವಾದರೂ 50 ಮಿಲಿ ಟ್ಯೂಬು 40 ದಿನಕ್ಕೆ ಮುಗಿಯಬೇಕು.

ಕೆಟ್ಟದ್ದು ಖಚಿತವಾದ ಮೇಲೂ ಮನಸ್ಸು ಒಪ್ಪುವುದಿಲ್ಲ. 'ಮುಖಕ್ಕೆ ಬೇಡ, ಹಿಮ್ಮಡಿಗೆ ಹಚ್ಚೋಣ' ಎನ್ನುತ್ತದೆ. ಬಿರುಕು ಬಿಟ್ಟ ಹಿಮ್ಮಡಿ ಅಂದರೆ ತೆರೆದ ಬಾಗಿಲು, ಕ್ರೀಮಿನಲ್ಲಿ ಬೆಳೆದ ಜೀವಿಗಳಿಗೆ ಮುಖ ಯಾವುದು ಕಾಲು ಯಾವುದು ಎಂಬ ಭೇದವಿಲ್ಲ. ಒರೆಸಿ ಎಸೆಯಿರಿ. ಡಬ್ಬಿ ಚೆಂದವಿದ್ದರೆ ತೊಳೆದು ಗುಂಡಿ, ಸೇಫ್ಟಿ ಪಿನ್ನು ಹಾಕಿಡಿ. ತಳದ ತಾರೀಖು ಮಾತ್ರ ಅಳಿಸಿಬಿಡಿ, ಯಾರಾದರೂ ಶಿಸ್ತಿನವರು ಪಿನ್ನುಗಳನ್ನೂ 12 ತಿಂಗಳಿಗೆ ಎಸೆದಾರು.