ಫ್ಲೆಕ್ಸ್ ಮೇಲೊಂದು ಬ್ರಹ್ಮಾಂಡ

ರಾಷ್ಟ್ರಮಟ್ಟದ ವಿಚಾರ ಸಂಕಿರಣ ಮಾಡುವುದು ನಮ್ಮ ಕಡೆ ಕಷ್ಟದ ಕೆಲಸವೇನಲ್ಲ. ಸೊಲ್ಲಾಪುರದಿಂದ ಒಬ್ಬರು ಬಂದು ಕೂತರೆ ಸಾಕು, ಕಲಬುರಗಿಯ ಯಾವ ಕಾರ್ಯಕ್ರಮವೂ ರಾಷ್ಟ್ರಮಟ್ಟಕ್ಕೆ ಏರುತ್ತದೆ. ಬೀದರಿನವರಿಗೆ ಇನ್ನೂ ಸಲೀಸು. ಉದಗೀರದಿಂದ ಒಬ್ಬರು, ಜಹೀರಾಬಾದಿನಿಂದ ಒಬ್ಬರು ಬಂದರೆ ಮೂರು ರಾಜ್ಯ ಆಯಿತು. ಯಾದಗಿರಿಯವರು ನಾರಾಯಣಪೇಟೆ ಕಡೆ ಕೈಚಾಚುತ್ತಾರೆ. ದುಬೈನಲ್ಲಿರುವ ಯಾರದೋ ಅಳಿಯ ವಿಡಿಯೊದಲ್ಲಿ ಎರಡು ನಿಮಿಷ ಮುಖ ತೋರಿಸಿದರೆ ಅದು ಅಂತರರಾಷ್ಟ್ರೀಯ.

ಇಂಥದ್ದೊಂದು ಸಂಕಿರಣದ ಫ್ಲೆಕ್ಸ್ ಈಚೆಗೆ ಕಲಬುರಗಿಯ ಜಗತ್ ಸರ್ಕಲ್ ಕಡೆ ಎದ್ದು ನಿಂತಿತ್ತು. ಕಾಲೇಜಿನ ಹೆಸರು ಬೇಡ ಬಿಡಿ. ವಿಷಯ: ‘ಹಾಲೋಗ್ರಫಿಯಲ್ಲಿ ಹಲವು ಗೇಜ್ ಫೀಲ್ಡ್ ಮತ್ತು ಸ್ಕಾಲರ್‌ಗಳುಳ್ಳ ಗುರುತ್ವ ಸಿದ್ಧಾಂತಗಳು’. ಸ್ಕೇಲರ್ ಅಂತ ಇರಬೇಕಿತ್ತು. ಪ್ರಿಂಟ್ ಹಾಕಿದವನನ್ನು ಕೇಳಿದರೆ, “ಸ್ಕಾಲರ್ ಅಂದ್ರ ಓದಿದ ಮಂದಿ ಅಲ್ರೀ ಸರ್, ಛಲೋನೇ ಆಯ್ತು” ಅಂದ. ಆ ಸಾಲು ಇದ್ದದ್ದು ಫ್ಲೆಕ್ಸಿನ ತಳದಲ್ಲಿ, ಪ್ರಿಂಟಿಂಗ್ ಅಂಗಡಿಯ ಮೊಬೈಲ್ ನಂಬರಿನ ಪಕ್ಕ. ಉಳಿದದ್ದೆಲ್ಲ ಫೋಟೊ. ಉದ್ಘಾಟಕರು, ಅಧ್ಯಕ್ಷರು, ಗೌರವ ಉಪಸ್ಥಿತರು, ಉಪಸ್ಥಿತರು, ಶುಭ ಕೋರುವವರು. ಉಪನ್ಯಾಸ ಕೊಡುವವರ ಫೋಟೊ ಇರಲಿಲ್ಲ. ಜಾಗ ಸಾಲಲಿಲ್ಲವಂತೆ. ಅಂದ ಹಾಗೆ, ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಿಷೇಧ ಬಿದ್ದದ್ದು 2016ರಲ್ಲಿ. ನಮ್ಮ ಬಿಸಿಲಿಗೆ ಫ್ಲೆಕ್ಸ್ ಕರಗುವುದಿಲ್ಲ, ನಿಷೇಧ ಕರಗುತ್ತದೆ.

ವಿಷಯ ಮಾತ್ರ ಸಣ್ಣದಲ್ಲ. 1970ರ ದಶಕದಲ್ಲಿ ಭೌತಶಾಸ್ತ್ರಜ್ಞರಾದ ಜೇಕಬ್ ಬೆಕೆನ್‌ಸ್ಟೈನ್ ಮತ್ತು ಸ್ಟೀಫನ್ ಹಾಕಿಂಗ್ ಕಪ್ಪುಕುಳಿಯ ಲೆಕ್ಕ ಹಾಕುವಾಗ ಒಂದು ವಿಚಿತ್ರ ಸಂಗತಿ ಕಂಡರು. ಕಪ್ಪುಕುಳಿಯ ಎಂಟ್ರೊಪಿ, ಅಂದರೆ ಅದರಲ್ಲಿ ಎಷ್ಟು ಮಾಹಿತಿ ಅಡಗಿರಬಹುದು ಎಂಬ ಅಳತೆ, ಒಳಗಿನ ಗಾತ್ರದ ಜೊತೆ ಬೆಳೆಯುವುದಿಲ್ಲ. ಹೊರಮೈಯ ವಿಸ್ತೀರ್ಣದ ಜೊತೆ ಬೆಳೆಯುತ್ತದೆ. 1993ರಲ್ಲಿ ಗೆರಾರ್ಡ್ ಟ್ ಹೋಫ್ಟ್, ಅವರ ಬೆನ್ನಿಗೇ ಲಿಯೊನಾರ್ಡ್ ಸಸ್‌ಕಿಂಡ್, ಇದು ಕಪ್ಪುಕುಳಿಗೆ ಮಾತ್ರವಲ್ಲ, ಗುರುತ್ವ ಇರುವ ಕಡೆಯಲ್ಲೆಲ್ಲ ನಿಜವಿರಬಹುದು ಅಂದರು. 1997ರಲ್ಲಿ ಹುವಾನ್ ಮಾಲ್ಡಸೇನಾ ಅದಕ್ಕೊಂದು ಗಟ್ಟಿ ಉದಾಹರಣೆ ಕೊಟ್ಟರು. ಒಳಗೆ ಗುರುತ್ವ ಇರುವ ಒಂದು ಜಗತ್ತು. ಅದರ ಅಂಚಿನಲ್ಲಿ ಗುರುತ್ವವೇ ಇಲ್ಲದ, ಒಂದು ಆಯಾಮ ಕಡಿಮೆ ಇರುವ ಇನ್ನೊಂದು ಜಗತ್ತು. ಎರಡೂ ಬೇರೆ ಬೇರೆ ಅಲ್ಲ, ಒಂದೇ. ಒಳಗೆ ನಡೆಯುವುದೆಲ್ಲ ಅಂಚಿನಲ್ಲಿ ಬರೆದಿರುತ್ತದೆ. ಇದಕ್ಕೇ ಹಾಲೋಗ್ರಫಿ ಅನ್ನುವುದು.

ಇದನ್ನು ಕೇಳಿ ಸಂಘಟಕರಿಗೆ ತಮ್ಮ ಮನೆಯ ಮಾತು ಕೇಳಿದಂತಾಗಿರಬೇಕು. ಎಲ್ಲವೂ ಹೊರಮೈ ಮೇಲೇ ಇರುತ್ತದೆ ಅನ್ನುವುದನ್ನು ಅವರು ಹಾಕಿಂಗ್ ಅವರಿಂದ ಕಲಿಯಬೇಕಿರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಮಾಲ್ಡಸೇನಾ ಹೇಳಿದ ಅಂಚನ್ನು ಓದಬಲ್ಲವರಿಗೆ ಒಳಗಿನ ಜಗತ್ತನ್ನು ಪೂರ್ತಿ ಕಟ್ಟಲು ಬರುತ್ತದೆ. ನಮ್ಮ ಫ್ಲೆಕ್ಸ್ ಓದಿ ಒಳಗೆ ಏನು ನಡೆಯಲಿದೆ ಅಂತ ಯಾರಾದರೂ ಹೇಳಲಿ ನೋಡೋಣ. ಕಪ್ಪುಕುಳಿಯ ವಿಸ್ತೀರ್ಣ ಹೆಚ್ಚಿದಷ್ಟೂ ಮಾಹಿತಿ ಜಾಸ್ತಿ. ಇಲ್ಲಿ ಹತ್ತಡಿ ಫ್ಲೆಕ್ಸಿನಲ್ಲಿ ವಿಷಯ ಒಂದು ಸಾಲು ಇತ್ತು. ಕಾಲೇಜು ಗೇಟಿನ ಇಪ್ಪತ್ತಡಿಯದರಲ್ಲಿ ಆ ಸಾಲೂ ಹೋಗಿ ಇನ್ನಿಬ್ಬರು ಉಪಸ್ಥಿತರು ಬಂದಿದ್ದರು.

ಸಂಕಿರಣಕ್ಕೆ ಹಣ ಮಂಜೂರಾದ ಕಥೆಯನ್ನು ಪ್ರಾಸ್ತಾವಿಕ ನುಡಿಯಲ್ಲಿ ಹೆಮ್ಮೆಯಿಂದಲೇ ಹೇಳಿದರು. ಫೈಲು ಬೆಂಗಳೂರಿನ ಒಂದು ಮೇಜಿನ ಮೇಲೆ ಎರಡು ವರ್ಷ ಮಲಗಿತ್ತು. ಅರ್ಜಿಯಲ್ಲಿ ‘ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಈ ವಿಷಯದ ಕೊಡುಗೆ’ ಅಂತ ಒಂದು ಕಾಲಂ ಇದೆ. ಅಲ್ಲಿ ಪ್ರಾಮಾಣಿಕವಾಗಿ ‘ನೇರ ಕೊಡುಗೆ ಇಲ್ಲ’ ಅಂತ ಬರೆದಿದ್ದರು. ಆಮೇಲೆ ಲೋಕಾನುಭವ ಇರುವ ಗುಮಾಸ್ತರೊಬ್ಬರು ಅದನ್ನು ಹೊಡೆದು ಹಾಕಿ, ‘ಗುರುತ್ವದಿಂದ ನೀರು ಮೇಲಿನಿಂದ ಕೆಳಗೆ ಹರಿಯುವುದರಿಂದ ಈ ಭಾಗದ ನೀರಾವರಿಗೆ ಅನುಕೂಲ’ ಅಂತ ಬರೆದರು. ಅದೇ ವಾರ ಮಂಜೂರು.

ಎರಡು ವರ್ಷ ಕಾದದ್ದಕ್ಕೆ ಬೇಜಾರಾಗಬೇಕಿಲ್ಲ. ಈ ವಿಷಯದ ಮೂಲಪುರುಷರಲ್ಲಿ ಒಬ್ಬರಾದ ಥಿಯೊಡೋರ್ ಕಲುಜಾ ಕೂಡ ಕಾದಿದ್ದಾರೆ. ಗುರುತ್ವವನ್ನು ಐದು ಆಯಾಮದಲ್ಲಿ ಬರೆದರೆ ವಿದ್ಯುತ್ತು, ಕಾಂತ ಎರಡರ ಸಮೀಕರಣಗಳೂ ಅದರೊಳಗಿಂದಲೇ ಹೊರಬರುತ್ತವೆ ಅಂತ ಅವರು 1919ರಲ್ಲಿ ಐನ್‌ಸ್ಟೈನ್‌ಗೆ ಬರೆದರು. ಲೇಖನ ಅಚ್ಚಾದದ್ದು 1921ರಲ್ಲಿ. ಆದರೆ ಐನ್‌ಸ್ಟೈನ್ ಮೇಜಿನಿಂದ ಹೊರಬಂದಾಗಲೂ ಆಯಾಮ ಐದೇ ಇದ್ದವು. ನಮ್ಮ ಫೈಲು ವಾಪಸು ಬರುವಾಗ ಒಂದೆರಡು ಕಡಿತ ಆಗಿರುತ್ತವೆ.

ಕಡಿತದ ಮಾತು ಬಂತಲ್ಲ, ಹಲವು ಗೇಜ್ ಫೀಲ್ಡ್, ಹಲವು ಸ್ಕೇಲರ್ ಹುಟ್ಟುವುದೂ ಅಲ್ಲಿಂದಲೇ. ಗೇಜ್ ಫೀಲ್ಡ್ ಅಂದರೆ ವಿದ್ಯುತ್ತು, ಕಾಂತಗಳಂಥ ಬಲವನ್ನು ಹೊತ್ತು ಜಾಗದ ತುಂಬ ಹರಡಿರುವಂಥದ್ದು. ಸ್ಕೇಲರ್ ಏನು ಅಂತ ಮುಂದೆ ಹೇಳುತ್ತೇನೆ. ಕಲುಜಾ ಲೆಕ್ಕದಲ್ಲಿ ಒಂದು ಆಯಾಮವನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಡಚಿದರೆ ಒಂದು ಗೇಜ್ ಫೀಲ್ಡ್, ಒಂದು ಸ್ಕೇಲರ್ ಉಳಿಯುತ್ತವೆ. ಹನ್ನೊಂದು ಆಯಾಮದ ಸಿದ್ಧಾಂತದಲ್ಲಿ ಏಳನ್ನು ಮಡಚಿ ನಾಲ್ಕಕ್ಕೆ ಇಳಿಸಿದರೆ ದೊಡ್ಡ ದಂಡೇ ಬರುತ್ತದೆ. ಬೇಡದ್ದನ್ನೆಲ್ಲ ಬದಿಗಿಟ್ಟ ಸರಳ ರೂಪದಲ್ಲೂ ನಾಲ್ಕು ಗೇಜ್ ಫೀಲ್ಡ್, ಮೂರು ಸ್ಕೇಲರ್. ಕಾಲೇಜಿನಲ್ಲೂ ಇದೇ ನಿಯಮ. ಅನುದಾನ ಕಡಿತ ಆದಷ್ಟೂ ಸಮಿತಿಗಳು ಜಾಸ್ತಿ.

ಹತ್ತು ಗಂಟೆಯ ಕಾರ್ಯಕ್ರಮ ಹನ್ನೊಂದೂ ಮುಕ್ಕಾಲಿಗೆ ಶುರುವಾಯಿತು. ಮುಂದಿನದನ್ನು ನೋಡಿದಾಗ ನನಗೆ ಗೇಜ್ ಸಿದ್ಧಾಂತ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಯಿತು. ಗೇಜ್ ಫೀಲ್ಡನ್ನು ಬರೆಯುವ ಬಗೆ ಹಲವು. ಒಂದು ಬಗೆ ಬಿಟ್ಟು ಇನ್ನೊಂದು ಹಿಡಿದರೂ ಅಳತೆಗೆ ಸಿಗುವ ಯಾವುದೂ ಬದಲಾಗುವುದಿಲ್ಲ. ವೇದಿಕೆ ಮೇಲೆ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸ್ವಾಗತ ಸಮಿತಿ ಅಧ್ಯಕ್ಷರು ಕೂತಿದ್ದರು. ಅವರ ಕುರ್ಚಿಗಳನ್ನು ಅದಲು ಬದಲು ಮಾಡಿ. ಹೆಸರಿನ ಫಲಕಗಳನ್ನೂ ಮಾಡಿ. ಅಳತೆಗೆ ಸಿಗುವ ಯಾವುದೂ ಬದಲಾಗುವುದಿಲ್ಲ.

ಸ್ಕೇಲರ್ ಅಂದರೆ ಪ್ರತಿ ಜಾಗದಲ್ಲೂ ಒಂದು ಬೆಲೆ ಇರುವ, ದಿಕ್ಕು ಮಾತ್ರ ಇಲ್ಲದ ಫೀಲ್ಡ್. ಅಂಥವರು ವೇದಿಕೆ ಮೇಲೆ ಜಾಸ್ತಿ ಇದ್ದರು. ಈ ಸಿದ್ಧಾಂತಗಳಲ್ಲಿ ಯಾವ ಗೇಜ್ ಫೀಲ್ಡ್ ಎಷ್ಟು ಜೋರು ಅನ್ನುವುದನ್ನು ತೀರ್ಮಾನಿಸುವುದೂ ಸ್ಕೇಲರೇ. ದಿಕ್ಕಿಲ್ಲದವರೇ ಉಳಿದವರ ಬಲ ತೀರ್ಮಾನಿಸುತ್ತಾರೆ ಅನ್ನುವುದನ್ನು ಭೌತಶಾಸ್ತ್ರಜ್ಞರು ಸಮೀಕರಣದಲ್ಲಿ ಕಂಡುಕೊಂಡರು. ನಾವು ಗ್ರಾಮ ಪಂಚಾಯಿತಿಯಲ್ಲೇ ಕಂಡಿದ್ದೇವೆ.

ಆಮೇಲೆ ಭಾಷಣ. ಅಂಚಿನ ಜಗತ್ತನ್ನು ಲೋಹ ಅಂದುಕೊಂಡು ಹಾಲೋಗ್ರಫಿಯಲ್ಲಿ ಲೆಕ್ಕ ಹಾಕುವವರಿಗೆ ಮೊದಲು ಒಂದು ತೊಂದರೆ ಕಾಡಿತ್ತು. ಎಲ್ಲ ಜಾಗವೂ ಒಂದೇ ಸಮ ಇದ್ದರೆ ಹರಿವಿನ ವೇಗ ತಗ್ಗುವುದಕ್ಕೆ ಕಾರಣವೇ ಇರುವುದಿಲ್ಲ. ಒಮ್ಮೆ ಹೊರಟ ವಿದ್ಯುತ್ತು ನಿಲ್ಲುವುದೇ ಇಲ್ಲ, ವಾಹಕತೆ ಅನಂತ. ಅದಕ್ಕೆ ಆಕ್ಸಿಯಾನ್ ಅನ್ನುವ ಸ್ಕೇಲರ್‌ಗಳನ್ನು ತಂದರು. ಅವು ಜಾಗದ ಉದ್ದಕ್ಕೂ ಒಂದೇ ಹದದಲ್ಲಿ ಏರುತ್ತಾ ಹೋಗಿ ಆ ಸಮತೆಯನ್ನು ಮುರಿಯುತ್ತವೆ, ಹರಿವಿಗೆ ತಡೆ ಹುಟ್ಟುತ್ತದೆ. ನಮ್ಮ ಉದ್ಘಾಟಕರ ಮುಂದೆ ಆಕ್ಸಿಯಾನ್ ಇರಲಿಲ್ಲ. ಬಹಮನಿ ಸುಲ್ತಾನರಿಂದ ಹೊರಟ ಭಾಷಣ ಸಂವಿಧಾನದ 371(ಜೆ) ವಿಧಿ ದಾಟಿ, ವಿಮಾನ ನಿಲ್ದಾಣ ಮುಟ್ಟಿ, ತಮ್ಮ ಮಗಳ ಮದುವೆಗೆ ಬಂದವರ ಸಂಖ್ಯೆಯವರೆಗೆ ಎಲ್ಲೂ ತಡೆಯಿಲ್ಲದೆ ಹರಿಯಿತು. ನಿರೂಪಕರು ಚೀಟಿ ಕಳಿಸಿದರು. ಅವರು ಚೀಟಿಯನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು, “ಇನ್ನೊಂದ್ ಮಾತ್ ಹೇಳಿ ಮುಗಿಸ್ತೀನ್ರಿ” ಅಂತ ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು.

ಬೆಂಗಳೂರಿನಿಂದ ಬಂದ ಯುವ ಸಂಶೋಧಕರಿಗೆ ಹನ್ನೆರಡು ನಿಮಿಷ ಉಳಿದಿತ್ತು. ಅದರಲ್ಲಿ ಶಾಲು, ಹಾರ, ನೆನಪಿನ ಕಾಣಿಕೆ, ಫೋಟೊಗೆ ನಾಲ್ಕು ಹೋಯಿತು. ಪಾಪದ ಮನುಷ್ಯ ಉಳಿದ ಎಂಟರಲ್ಲಿ ಮಾಡಬಾರದ ತಪ್ಪು ಮಾಡಿದರು. ನಿಜ ಹೇಳಿದರು. ಈ ಲೆಕ್ಕವೆಲ್ಲ ಆಂಟಿ ಡಿ ಸಿಟರ್ ಎಂಬ ಜಗತ್ತಿನಲ್ಲಿ ಸರಿಹೋಗುತ್ತದೆ, ಅಲ್ಲಿ ಬ್ರಹ್ಮಾಂಡದ ಸ್ಥಿರಾಂಕ ಋಣ. ನಮ್ಮದು ಹಾಗಿಲ್ಲ, ಬ್ರಹ್ಮಾಂಡ ವೇಗ ಹೆಚ್ಚಿಸಿಕೊಳ್ಳುತ್ತಾ ಹಿಗ್ಗುತ್ತಿದೆ ಅಂತ 1998ರಲ್ಲೇ ಗೊತ್ತಾಗಿದೆ ಅಂದರು. ಕೆಲವು ಫೀಲ್ಡ್‌ಗಳನ್ನು ನಮಗೆ ಬೇಕಾದ ಉತ್ತರ ಬರಲಿ ಅಂತ ನಾವೇ ಕೈಯಾರೆ ಸೇರಿಸುತ್ತೇವೆ ಅಂತಲೂ ಒಪ್ಪಿಕೊಂಡರು. ವೇದಿಕೆಯ ಮೇಲೆ ಗುಸುಗುಸು ಎದ್ದಿತು. “ನಮ್ ಜಗತ್ತಿಗಿ ಹತ್ತಂಗಿಲ್ಲ ಅಂದ್ರ ಇಲ್ಲಿತನ ಯಾಕ್ ಕರ್ಸೀರಿ?” ಅಂತ ಕಾರ್ಯಾಧ್ಯಕ್ಷರು ಪ್ರಾಂಶುಪಾಲರ ಕಿವಿಯಲ್ಲಿ ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ತೊಂದರೆ ಬಂದಾಗಲೆಲ್ಲ ಒಂದು ಫೀಲ್ಡ್ ಸೇರಿಸುವ ಭೌತಶಾಸ್ತ್ರಜ್ಞರ ಈ ಚಟ ನನಗೂ ನಗು ತರಿಸುತ್ತದೆ. ಆದರೆ ಅವರು ಸೇರಿಸಿದ್ದನ್ನು ಲೇಖನದ ಮೊದಲ ಪುಟದಲ್ಲೇ ಬರೆದುಬಿಡುತ್ತಾರೆ. ಈ ದಾರಿಯಿಂದ ಕೈಗೆ ಬಂದದ್ದೂ ಇದೆ. ಕಪ್ಪುಕುಳಿಯ ಲೆಕ್ಕದಿಂದ ಒಂದು ದ್ರವ ಎಷ್ಟು ಕಡಿಮೆ ಅಂಟಾಗಿರಬಹುದು ಅನ್ನುವ ಸಂಖ್ಯೆ ಸಿಕ್ಕಿತು. ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿದಾಗ ಹುಟ್ಟುವ ಕ್ವಾರ್ಕ್-ಗ್ಲೂಆನ್ ದ್ರವದ ಅಳತೆ ಅದರ ಹತ್ತಿರಕ್ಕೇ ಬಂತು.

ಕೊನೆಗೆ ಹಿಂದಿನ ಬೆಂಚಿನಿಂದ ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಗೇಜ್ ಫೀಲ್ಡ್ ಎರಡೆರಡು ಯಾಕ್ ಬೇಕ್ರಿ? ಒಂದ್ ಸಾಲಂಗಿಲ್ಲೇನ್ರಿ?” ಇಡೀ ದಿನದಲ್ಲಿ ವಿಷಯಕ್ಕೆ ಸಂಬಂಧಪಟ್ಟು ಸಭೆಯಿಂದ ಬಂದ ಮಾತು ಅದೊಂದೇ. ಸಂಶೋಧಕರ ಮುಖ ಅರಳಿತು. ಅಷ್ಟರಲ್ಲಿ ವಂದನಾರ್ಪಣೆಗೆ ಮೈಕು ಹೋಯಿತು.

ಉತ್ತರ ನಾನು ಹೇಳುತ್ತೇನೆ ತಾಯಿ. ಕೆಲವು ವಸ್ತುಗಳಲ್ಲಿ ಜಾಗವನ್ನು ಎರಡು ಪಟ್ಟು ಹಿಗ್ಗಿಸಿದರೆ ಕಾಲವನ್ನು ನಾಲ್ಕು ಪಟ್ಟು ಹಿಗ್ಗಿಸಬೇಕಾಗುತ್ತದೆ. ಅಂಥ ವಸ್ತು ಅಂಚಿನಲ್ಲಿದ್ದರೆ ಅದಕ್ಕೆ ಹೊಂದುವ ಒಳಜಗತ್ತು ಬರಿಯ ಗುರುತ್ವದಿಂದ ನಿಲ್ಲುವುದಿಲ್ಲ. ಈ ಸಿದ್ಧಾಂತಗಳಲ್ಲಿ ಅದನ್ನು ಎತ್ತಿ ಹಿಡಿಯುವುದಕ್ಕೇ ಒಂದು ಗೇಜ್ ಫೀಲ್ಡ್, ಜೊತೆಗೊಂದು ಸ್ಕೇಲರ್ ಬೇಕು. ಆ ಮೊದಲ ಫೀಲ್ಡ್ ಎತ್ತಿ ಹಿಡಿಯುವುದರಲ್ಲೇ ಖರ್ಚಾಗಿ ಹೋಗುತ್ತದೆ. ಕಪ್ಪುಕುಳಿಗೆ ನಿಜವಾದ ವಿದ್ಯುದಾವೇಶ ಬೇಕಾದರೆ ಎರಡನೆಯದು ಬೇಕು. 2011ರಲ್ಲಿ ಈ ಲೆಕ್ಕ ಬಿಡಿಸಿ ತೋರಿಸಿದ್ದಾರೆ. ನಿಮ್ಮ ಸಂಕಿರಣದಲ್ಲಿ ಮೊದಲನೆಯದು ಇತ್ತು. ವೇದಿಕೆ ಸಮಿತಿ, ಸ್ವಾಗತ ಸಮಿತಿ, ಊಟದ ಸಮಿತಿ, ಪ್ರಚಾರ ಸಮಿತಿ, ಎಲ್ಲವೂ ಸಂಕಿರಣವನ್ನು ಎತ್ತಿ ಹಿಡಿದಿದ್ದವು. ಎರಡನೆಯದು ನಿನಗೆ ಭೌತಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಆಕೆ ಬೆಳಗಿನಿಂದ ಕುರ್ಚಿ ಎಣಿಸುತ್ತಿದ್ದರು. ಅವತ್ತು ಬಂದ ಅತಿಥಿಗಳಿಗೆಲ್ಲ ಶಾಲು ಬಿತ್ತು, ಆ ಅತಿಥಿಯೊಬ್ಬರನ್ನು ಬಿಟ್ಟು.

ಊಟ ಚೆನ್ನಾಗಿತ್ತು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಭೆಯಲ್ಲಿ ಕಾಣದವರು ಅಲ್ಲಿ ಕಂಡರು. ಪ್ರಮಾಣಪತ್ರ ಬೆಳಿಗ್ಗೆಯೇ ಹಂಚಿಯಾಗಿತ್ತು, ಅದರಲ್ಲೂ ಸ್ಕಾಲರ್. ಮರುದಿನದ ಸುದ್ದಿಯ ತಲೆಬರಹ: ‘ಹಾಲೋಗ್ರಫಿಯಿಂದ ತೊಗರಿ ಬೆಳೆಗಾರರಿಗೆ ಲಾಭ: ತಜ್ಞರು’.

ಸಂಶೋಧಕರ ಪ್ರಯಾಣ ಭತ್ಯೆಯ ಬಿಲ್ಲು ಮಾತ್ರ ಇನ್ನೂ ಪಾಸಾಗಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಒಬ್ಬರು ಅವರ ಭಾಷಣವನ್ನು ನಿಜವಾಗಿ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಆಕ್ಷೇಪಣೆ ಹೀಗಿದೆ: ‘ಒಳಗೆ ನಡೆಯುವುದೆಲ್ಲವೂ ಅಂಚಿನಲ್ಲೇ ಪೂರ್ತಿಯಾಗಿ ಲಭ್ಯವಿರುತ್ತದೆ ಎಂದು ತಾವೇ ಹೇಳಿರುತ್ತೀರಿ. ಹೀಗಿರುವಾಗ ತಾವು ಬೆಂಗಳೂರಿನಿಂದ ಕಲಬುರಗಿಯವರೆಗೆ ಪ್ರಯಾಣಿಸುವ ಅಗತ್ಯವೇನಿತ್ತು? ಏಳು ದಿನಗಳೊಳಗೆ ಸಮಜಾಯಿಷಿ ನೀಡುವುದು. ತಪ್ಪಿದಲ್ಲಿ ಶಾಲಿನ ಮೊತ್ತವನ್ನೂ ವಸೂಲು ಮಾಡಲಾಗುವುದು.’