ಮೋಟರಿಗಿಂತ ಮೊದಲು ತಕ್ಕಡಿ

ಕಳೆದ ಭಾನುವಾರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ಕಡಲೆ ಕಿತ್ತು ಬರಿದಾಗಿದ್ದ ಎರೆಹೊಲವೊಂದಕ್ಕೆ ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗರು ರಿಮೋಟಿನಿಂದ ಹಾರಿಸಲು ತಾವೇ ಕಟ್ಟಿದ ಪುಟ್ಟ ಫೋಮ್ ವಿಮಾನವನ್ನು ತಂದಿದ್ದರು. ಮೂರು ಸಲ ಎಸೆದರು. ಮೂರು ಸಲವೂ ಅದು ಮೂತಿ ಮೇಲೆತ್ತಿ, ಎಡಕ್ಕೆ ಹೊರಳಿ ನೆಲ ಕಚ್ಚಿತು. “ಕಾಕಾರ, ಮೋಟರ್ ಸಣ್ಣದಾತು ಅನಸ್ತೈತಿ, ಇನ್ನೂ ದೊಡ್ಡದು ತರಸ್ತೀವಿ” ಎಂದು ಒಬ್ಬ ಹೇಳಿದ. ನಾನು ಚೀಲದಲ್ಲಿದ್ದ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಹೊರತೆಗೆದು ವಿಮಾನವನ್ನು ಅದರ ಮೇಲಿಟ್ಟೆ. 640 ಗ್ರಾಂ ತೋರಿಸಿತು. ರೆಕ್ಕೆ ಇದ್ದದ್ದು 80 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ. ಅಷ್ಟೇ ಅಳತೆಯ ರೆಕ್ಕೆಯುಳ್ಳ ನನ್ನ ವಿಮಾನ ಬ್ಯಾಟರಿ ಸಮೇತ 250 ಗ್ರಾಂ ತೂಗುತ್ತದೆ.

ತಪ್ಪು ಆ ಹುಡುಗರದಲ್ಲ. ಎರಡು ದಿನದ ಕಾರ್ಯಾಗಾರವೊಂದರಲ್ಲಿ ಹಣ ಕಟ್ಟಿಸಿಕೊಂಡು ಅವರ ಕೈಗೆ ಕೊಟ್ಟ ಕಿಟ್‌ನಲ್ಲಿ 2212 ಎಂಬ ಅಳತೆಯ ಮೋಟರ್, ಅದರ ವೇಗವನ್ನು ನಿಯಂತ್ರಿಸುವ 30 ಆಂಪಿಯರ್‌ನ ಇ.ಎಸ್.ಸಿ. ಮತ್ತು 2200 ಎಂ.ಎ.ಎಚ್. ಸಾಮರ್ಥ್ಯದ ಮೂರು ಸೆಲ್‌ಗಳ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇದ್ದವು. ಈ ಮೂರೇ ಸೇರಿ ಸುಮಾರು 250 ಗ್ರಾಂ ಆಗುತ್ತವೆ. ಅಂದರೆ ನನ್ನ ಇಡೀ ವಿಮಾನದ ತೂಕ ಅಲ್ಲಿಯೇ ಮುಗಿದುಹೋಯಿತು. ಈ ಭಾರವನ್ನು ಹೊರಲು ಗಟ್ಟಿ ದೇಹ ಬೇಕು, ಗಟ್ಟಿ ದೇಹಕ್ಕೆ ಇನ್ನಷ್ಟು ಅಂಟು ಬೇಕು, ಅದನ್ನೆಲ್ಲ ಎತ್ತಲು ಮತ್ತೆ ದೊಡ್ಡ ಮೋಟರ್ ಬೇಕು. ನಮ್ಮ ಭಾಗದಲ್ಲಿ ಈ ಹವ್ಯಾಸಕ್ಕೆ ಬರುವ ಮಕ್ಕಳನ್ನು ಮೊದಲ ದಿನದಿಂದಲೇ ಶಕ್ತಿಯ ಕಡೆಗೆ ತಿರುಗಿಸಿ, ತೂಕದ ಮಾತನ್ನೇ ಆಡದೆ ಕಳುಹಿಸುತ್ತಿರುವುದು ನನಗೆ ನಿಜಕ್ಕೂ ನೋವು ತರುವ ಸಂಗತಿ.

ರೆಕ್ಕೆಯ ವಿಸ್ತೀರ್ಣ ಬದಲಾಗದಿದ್ದರೆ, ವಿಮಾನ ಬೀಳದೆ ಹಾರಲು ಬೇಕಾದ ಕನಿಷ್ಠ ವೇಗವು ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. 250 ಗ್ರಾಂ ವಿಮಾನ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ತೇಲಬಲ್ಲದಾದರೆ, 640 ಗ್ರಾಂ ವಿಮಾನಕ್ಕೆ 32 ಕಿಲೋಮೀಟರ್ ಬೇಕು. ಕೈಯಿಂದ ಎಸೆದು ಆ ವೇಗ ಕೊಡುವುದು ಹೊಸಬರಿಗೆ ಕಷ್ಟ. ವೇಗ ಸಾಲದೆ ತೊಳಲಾಡುವ ರೆಕ್ಕೆಗೆ ಮೋಟರನ್ನು ಪೂರ್ತಿ ಕೊಟ್ಟಾಗ, ಹಿಂದಿನಿಂದ ನೋಡಿದಂತೆ ಪ್ರೊಪೆಲರ್ ಬಲಕ್ಕೆ ತಿರುಗುವುದರ ಪ್ರತಿಕ್ರಿಯೆಯಾಗಿ ವಿಮಾನ ಎಡಕ್ಕೆ ಹೊರಳುತ್ತದೆ. ಹುಡುಗರು ಕಂಡದ್ದು ಇದನ್ನೇ. ಇನ್ನು ಅಪ್ಪಳಿಸುವ ಹೊಡೆತದ ಲೆಕ್ಕವಂತೂ ಇದಕ್ಕಿಂತ ಕಠೋರವಾದುದು: ತೂಕವೂ ಹೆಚ್ಚು, ವೇಗವೂ ಹೆಚ್ಚು ಆದ್ದರಿಂದ ಅವರ ವಿಮಾನ ಕನಿಷ್ಠ ವೇಗದಲ್ಲಿ ಬಿದ್ದರೂ ನನ್ನದರ ಆರೂವರೆ ಪಟ್ಟು ಶಕ್ತಿಯಿಂದ ನೆಲಕ್ಕೆ ಬಡಿಯುತ್ತದೆ. ಹುಬ್ಬಳ್ಳಿಯ ಎತ್ತರ ಮತ್ತು 35 ಡಿಗ್ರಿಯ ಬಿಸಿಲು ಸೇರಿದಾಗ, ಪುಸ್ತಕಗಳು ಲೆಕ್ಕಕ್ಕೆ ಹಿಡಿಯುವ 15 ಡಿಗ್ರಿಯ ಸಮುದ್ರಮಟ್ಟದ ಗಾಳಿಗಿಂತ ನಮ್ಮ ಗಾಳಿ ನೂರಕ್ಕೆ 10ಕ್ಕೂ ಹೆಚ್ಚು ತೆಳುವಾಗಿರುತ್ತದೆ, ಹಾಗಾಗಿ ಹಾರಲು ಬೇಕಾದ ವೇಗ ಇನ್ನೂ ಏರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ತೂಕ ಸೇರಿಕೊಳ್ಳುವುದು ನಾವು ಗಮನಿಸದ ಜಾಗಗಳಲ್ಲಿ. ಸ್ಟೇಷನರಿ ಅಂಗಡಿಯ ಫೋಮ್ ಬೋರ್ಡಿನ ಎರಡೂ ಮೈಗೆ ಕಾಗದವಿರುತ್ತದೆ. ಒಳಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದು, ಹೊರಬದಿಯದನ್ನು ಮಾತ್ರ ಉಳಿಸಿಕೊಂಡರೆ ಸಾಕು. ಬಿಸಿ ಅಂಟಿನ ಗನ್ನನ್ನು ಮೋಟರನ್ನು ಹೊರುವ ಕಟ್ಟಿಗೆಯ ತುಂಡು ಕೂರುವ ಕಡೆ ಮಾತ್ರ ಬಳಸಬೇಕು. ಗಣಪತಿ ಮಂಟಪಕ್ಕೆ ತಂದು ಉಳಿದ ಥರ್ಮೋಕೋಲ್‌ಗೆ ಫೆವಿಕ್ವಿಕ್ ಹಾಕಿದರೆ ಅದು ಕರಗಿ ಗುಂಡಿ ಬೀಳುತ್ತದೆ. ಫೆವಿಕಾಲ್ ತೆಳುವಾಗಿ ಸವರಿ ರಾತ್ರಿಯಿಡೀ ಭಾರ ಹೇರಿ ಬಿಡುವ ತಾಳ್ಮೆ ಬೇಕು. ರೆಕ್ಕೆಗೆ ಬಲ ಬೇಕೆಂದು ಇಡೀ ರೆಕ್ಕೆಯನ್ನು ಎರಡು ಪದರ ಮಾಡುವವರಿದ್ದಾರೆ. ಅದರ ಬದಲು ಮುಂಭಾಗದ ಅರ್ಧಕ್ಕೆ ಮಾತ್ರ ಎರಡನೆಯ ಪದರ ಅಂಟಿಸಿ, ಹಿಂದೆ ಮೆಟ್ಟಿಲಿನಂತೆ ಬಿಡಬಹುದು. ಕಾಗದದ ವಿಮಾನದಿಂದ ಹೊಳೆದ ಈ ಮೆಟ್ಟಿಲು ರೆಕ್ಕೆಗೆ ಅಮೆರಿಕದ ರಿಚರ್ಡ್ ಕ್ಲೈನ್ ಮತ್ತು ಫ್ಲಾಯ್ಡ್ ಫೋಗಲ್‌ಮನ್ 1972ರಲ್ಲಿ ಪೇಟೆಂಟ್ ಪಡೆದರು. ದೊಡ್ಡ ವಿಮಾನಗಳಿಗೆ ಅದು ಒಗ್ಗಲಿಲ್ಲ, ಆದರೆ ಫೋಮ್ ಹಾಳೆಯಿಂದ ಕಟ್ಟುವವರ ಕೈಯಲ್ಲಿ ಇಂದಿಗೂ ಬದುಕಿದೆ.

ಎಲ್ಲಕ್ಕಿಂತ ದುಬಾರಿಯಾದುದು ಬಾಲದ ತೂಕ. ಬಾಲವು ಸಮತೋಲನದ ಬಿಂದುವಿನಿಂದ, ಅಂದರೆ ವಿಮಾನವನ್ನು ಎತ್ತಿ ಹಿಡಿದರೆ ಎರಡೂ ಕಡೆ ಸಮತೂಗುವ ಜಾಗದಿಂದ, ಮೂತಿಗಿಂತ ಮೂರು ಪಟ್ಟು ದೂರವಿದ್ದರೆ, ಅಲ್ಲಿ ಸೇರಿಸಿದ 1 ಗ್ರಾಂಗೆ ಮೂತಿಯಲ್ಲಿ 3 ಗ್ರಾಂ ತೆರಬೇಕಾಗುತ್ತದೆ. ಆ ಹುಡುಗರು ಬಾಲಕ್ಕೆ ಎರಡು ಸುತ್ತು ಬಣ್ಣ ಹೊಡೆದು, ಅದನ್ನು ಸರಿದೂಗಿಸಲು ಮೂತಿಯೊಳಗೆ ನಾಣ್ಯಗಳನ್ನು ಅಂಟಿಸಿದ್ದರು. ಅಷ್ಟಾದರೂ ಬಾಲವೇ ಭಾರವಾಗಿತ್ತು. 18 ಸೆಂಟಿಮೀಟರ್ ಅಗಲದ ನೇರ ರೆಕ್ಕೆಗೆ ಸಮತೋಲನದ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ನಾಲ್ಕೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು. ಎರಡು ಬೆರಳುಗಳ ತುದಿಯ ಮೇಲೆ ಅಲ್ಲಿ ಎತ್ತಿ ಹಿಡಿದಾಗ ಮೂತಿ ತುಸುವೇ ಬಾಗಿದರೆ ಆಯಿತು. ಇದನ್ನು ನೋಡಿಕೊಂಡ ಮೇಲೆ ಮೋಟರ್ ಹಚ್ಚದೆ, ಗಾಳಿಗೆ ಎದುರಾಗಿ ಮೆಲ್ಲಗೆ ತೇಲಿಬಿಡಬೇಕು. ಮೋಟರ್ ಇಲ್ಲದೆ ನೆಟ್ಟಗೆ ತೇಲದ ವಿಮಾನ ಮೋಟರಿನಿಂದ ಸರಿಹೋದದ್ದನ್ನು ನಾನು ಕಂಡಿಲ್ಲ. ನಂತರವಷ್ಟೇ ಮೋಟರಿನ ಹಿಂದೆ ತೆಳು ವಾಷರ್ ಇಟ್ಟು, ಅದರ ಎಳೆತಕ್ಕೆ ಮೂತಿ ಮೇಲೇಳದಂತೆ, ಎಡಕ್ಕೆ ವಾಲದಂತೆ ಮೋಟರಿನ ಮುಖವನ್ನು 2–3 ಡಿಗ್ರಿ ಕೆಳಕ್ಕೂ 2 ಡಿಗ್ರಿ ಬಲಕ್ಕೂ ತಿರುಗಿಸುವ ಕೆಲಸ.

ಹಗುರ ವಿಮಾನ ಗಾಳಿಗೆ ತಡೆಯುವುದಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಗದಗಿನ ಕಡೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದೇ ಈ ಸೀಮೆಯ ಗಾಳಿ ಎಂಥದೆಂದು ಹೇಳುತ್ತದೆ, ಆಷಾಢದಲ್ಲಿ ನನ್ನ ವಿಮಾನ ಮುಂದೆ ಹೋಗುವ ಬದಲು ಹಿಂದಕ್ಕೆ ಬರುತ್ತದೆ. ಆದರೆ ಅದಕ್ಕಾಗಿ ತೂಕ ಹೇರುವುದು ಹೊಸಬರ ಕೈಗೆ ವೇಗದ ವಿಮಾನ ಕೊಟ್ಟಂತೆ. ಫೆಬ್ರವರಿ, ಮಾರ್ಚಿನಲ್ಲಿ ಹೊಲಗಳು ಖಾಲಿಯಾಗುತ್ತವೆ, ಸೂರ್ಯೋದಯದಿಂದ ಎಂಟು ಗಂಟೆಯವರೆಗೆ ಗಾಳಿ ಬಹುತೇಕ ನಿಂತಿರುತ್ತದೆ. ಹೊಲದ ಒಡೆಯರನ್ನು ಕೇಳಿಕೊಂಡು, ವಿಮಾನ ನಿಲ್ದಾಣದಿಂದ ದೂರದಲ್ಲಿ, ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ ಆಗ ಹಾರಿಸಬೇಕು. ಎರೆಮಣ್ಣಿನ ಬಿರುಕಿನಲ್ಲಿ ಗಾಲಿ ಸಿಕ್ಕಿಕೊಳ್ಳುವುದರಿಂದ ಗಾಲಿಯನ್ನೇ ಕೈಬಿಟ್ಟು ಹೊಟ್ಟೆಯ ಮೇಲೆ ಇಳಿಸಬಹುದು. ಅಲ್ಲಿಯೂ ತೂಕ ಉಳಿಯುತ್ತದೆ.

ಕಾರ್ಯಾಗಾರ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲ ದಿನ ಮಕ್ಕಳಿಗೆ ಫೋಮ್ ಹಾಳೆ, ಕಟರ್ ಮತ್ತು ಒಂದು ತಕ್ಕಡಿ ಕೊಡಿ. ಎರಡನೆಯ ದಿನ ಅವರು ಕಟ್ಟಿದ್ದನ್ನು ಬಯಲಿನಲ್ಲಿ ಬರಿಗೈಯಿಂದ ತೇಲಿಸಲು ಬಿಡಿ. ಮೋಟರಿಗೆ ಮೂರನೆಯ ದಿನವೊಂದನ್ನು ಹೊಂದಿಸಿ. ಅದಕ್ಕೆ ಹೆಚ್ಚಿನ ಹಣ ಬೇಕಾದರೆ ಕಿಟ್‌ನಲ್ಲಿ ಚಿಕ್ಕ ಮೋಟರ್, ಚಿಕ್ಕ ಬ್ಯಾಟರಿ ಇಟ್ಟು ಅಲ್ಲಿಯೇ ಉಳಿಸಬಹುದು.